ಕಳ್ಳ ಬಾಗಿಲು ತಟ್ತಾನೇನೋ?

ಮೊನ್ನೆ ಮಂಗಳವಾರ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಎಡಿಟಿಂಗಿಗೆ ಕೂತಿದ್ದೆ. ನಮ್ಮದು 12 ನಿಮಿಷದ ಥ್ರಿಲ್ಲರ್, ಫೈನಲ್ ಇಯರ್ ಪ್ರಾಜೆಕ್ಟು, ಸೋಮವಾರ ಕೊಡಬೇಕು. ನಾನು ಸೌಂಡು. ಎರಡು ಡೈಲಾಗ್ ಮಧ್ಯೆ ಒಂದು ಕಡೆ ಶಬ್ದ ಪೂರ್ತಿ ಸತ್ತುಹೋಗಿತ್ತು, ಅಲ್ಲಿಗೆ ತೇಪೆ ಹಾಕೋಕೆ ರೂಮ್ ಟೋನ್ ಹುಡುಕುತ್ತಿದ್ದೆ. ಖಾಲಿ ಕೋಣೆಗೂ ಒಂದು ಸದ್ದು ಇರುತ್ತದೆ, ಗಡಿಯಾರ, ಹಿತ್ತಲ ಕಾಗೆ, ದೂರದ ಬಸ್ಸು ಎಲ್ಲ ಸೇರಿ. ಶೂಟಿಂಗ್ ಜಾಗದಲ್ಲೇ ಎಲ್ಲರೂ ಬಾಯಿ ಮುಚ್ಚಿಕೊಂಡು ನಿಂತು ಅದನ್ನ ಒಂದು ನಿಮಿಷ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕು, ಇಲ್ಲದಿದ್ರೆ ಆಮೇಲೆ ಎಡಿಟಿಂಗಲ್ಲಿ ಅಳಬೇಕು. ಹಾಗೆ ಹುಡುಕುವಾಗ ಕೆಟ್ಟುಹೋದ ಟೇಕ್ ಒಂದು ಸಿಕ್ಕಿತು. 22ನೇ ಸೆಕೆಂಡಿಗೆ ಬಾಗಿಲು ತಟ್ಟಿದ ಸದ್ದು. ಅದರ ಹಿಂದೆಯೇ ಒಂದು ಪಿಸುಮಾತು.

"ಯಾರೂ ಇಲ್ಲ ಅನ್ನೇ."

ಅಜ್ಜಿ ದನಿ. ಮನೆ ಕೊಟ್ಟ ಅಜ್ಜಿ. ಹತ್ತು ಸಲ ಕೇಳಿದೆ. ನಮ್ಮ ಇಡೀ ಪಿಕ್ಚರ್‌ನಲ್ಲಿ ಮೈ ಜುಮ್ಮೆನ್ನೋದು ಅದೊಂದೇ, ಅದೂ ಪಿಕ್ಚರಿಗೆ ಸೇರಿದ್ದಲ್ಲ.

ಅಜ್ಜಿ ಮನೆ ಮೈಸೂರಿನ ಅಗ್ರಹಾರದ ಹತ್ತಿರ. ಹೆಂಚಿನ ಮನೆ, ಉದ್ದಕ್ಕೆ ಹಜಾರ, ನಡುಮನೆ, ಅಡುಗೆಮನೆ, ಹಿತ್ತಿಲು. ಒಬ್ಬರೇ ಇರುತ್ತಾರೆ. ಎರಡು ದಿನಕ್ಕೆ ಮನೆ ಬಿಟ್ಟುಕೊಟ್ಟರು, ಒಂದು ರೂಪಾಯಿ ತಗೊಳ್ಳಲಿಲ್ಲ. ನಾವು ಅವರಿಗೆ ಏನು ಕೊಟ್ಟೆವು ಅಂದ್ರೆ, ಸೌಂಡಿಗೆ ಅಡ್ಡ ಬರುತ್ತೆ ಅಂತ ಫ್ರಿಡ್ಜ್ ಆಫ್ ಮಾಡಿ, ವಾಪಸ್ ಹಾಕೋದು ಮರೆತು, ಅರ್ಧ ಲೀಟರ್ ಹಾಲು ಒಡೆಸಿದೆವು.

ಮೊದಲ ದಿನ ಕಥೆ ಹೇಳಿ ಅಂದರು. ನಮ್ಮ ಡೈರೆಕ್ಟರ್ ಕಾಲು ಮೇಲೆ ಕಾಲು ಹಾಕಿಕೊಂಡು ಹೇಳಿದ. ಹುಡುಗಿ ಮನೇಲಿ ಒಬ್ಬಳೇ, ರಾತ್ರಿ ಹನ್ನೊಂದು ಗಂಟೆ, ಯಾರೋ ಬಾಗಿಲು ತಟ್ತಾರೆ, ತೆಗೆದರೆ ಗುರುತಿಲ್ಲದ ಒಬ್ಬ, ಕೈಯಲ್ಲಿ ಚಾಕು. ಅಜ್ಜಿ ಹುರುಳಿಕಾಯಿ ನಾರು ತೆಗೀತಾ ಇದ್ದವರು ತಲೆ ಎತ್ತದೆ ಕೇಳಿದರು.

"ಕಳ್ಳ ಬಾಗಿಲು ತಟ್ತಾನೇನೋ? ತಟ್ಕೊಂಡು ಬರೋರು ನೆಂಟರು."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಡೈರೆಕ್ಟರ್ ಮಾತ್ರ ಮುಖ ಕೆಂಪಗೆ ಮಾಡಿಕೊಂಡು "ಅಜ್ಜಿ, ಇದು ಸೈಕಲಾಜಿಕಲ್" ಅಂದ. ಅವನು ಒಳ್ಳೆ ಹುಡುಗನೇ, ಆದರೆ ದಿನಕ್ಕೆ ನಾಲ್ಕು ಸಲ ಥ್ರಿಲ್ಲರ್ ಪಿಕ್ಚರ್‌ಗಳ ಡೈರೆಕ್ಟರ್ ಹಿಚ್‌ಕಾಕ್ ಹೆಸರು ಹೇಳದಿದ್ರೆ ಅವನಿಗೆ ಊಟ ಸೇರಲ್ಲ. ಮೇಜಿನ ಕೆಳಗೆ ಬಾಂಬ್ ಇಟ್ಟ ಉದಾಹರಣೆ ಇದೆಯಲ್ಲ, ಬಾಂಬ್ ಸುಮ್ನೆ ಸಿಡಿದರೆ ಪ್ರೇಕ್ಷಕರು 15 ಸೆಕೆಂಡ್ ಬೆಚ್ಚುತ್ತಾರೆ, ಬಾಂಬ್ ಇರೋದು ಅವರಿಗೆ ಮೊದಲೇ ಗೊತ್ತಿದ್ದು ಮೇಜಿನ ಮುಂದೆ ಕೂತವರಿಗೆ ಗೊತ್ತಿಲ್ಲದಿದ್ದರೆ 15 ನಿಮಿಷ ಒದ್ದಾಡುತ್ತಾರೆ ಅಂತ, ಅದನ್ನ ಟೀ ಅಂಗಡಿಯವನಿಗೂ ಹೇಳಿದ್ದಾನೆ. ಇಷ್ಟೆಲ್ಲ ಹೇಳಿಯೂ ನಮ್ಮ ಪಿಕ್ಚರಲ್ಲಿ ಪ್ರೇಕ್ಷಕರಿಗೆ ಕೊನೇ ತನಕ ಏನೂ ಗೊತ್ತಾಗಲ್ಲ, ನಮಗೂ ಅಷ್ಟೇ.

ರಕ್ತದ ಕಥೆ ಹೇಳಲೇಬೇಕು. ಹಿಚ್‌ಕಾಕ್‌ನ 1960ರ ಪಿಕ್ಚರ್ 'ಸೈಕೋ' ಕಪ್ಪು ಬಿಳುಪು, ಹಾಗಾಗಿ ಅವರು ಚಾಕೊಲೇಟ್ ಸಿರಪ್ ಸುರಿದು ಕೈ ತೊಳೆದುಕೊಂಡರು. ನಮ್ಮದು ಕಲರ್. ಸಕ್ಕರೆ ಪಾಕ, ಅಡುಗೆಗೆ ಹಾಕೋ ಕೆಂಪು ಬಣ್ಣ, ಜಾಸ್ತಿ ಕೆಂಪಾಯ್ತು ಅಂತ ಒಂದು ಚಮಚ ಕಾಫಿ ಡಿಕಾಕ್ಷನ್. ನೋಡೋಕೆ ಭರ್ಜರಿಯಾಗಿತ್ತು. ಆದರೆ ಅಜ್ಜಿ ಮನೆ ನೆಲ ರೆಡ್ ಆಕ್ಸೈಡು. ಕೆಂಪು ನೆಲದ ಮೇಲೆ ಕೆಂಪು ರಕ್ತ ಚೆಲ್ಲಿ ಕ್ಯಾಮೆರಾದಲ್ಲಿ ನೋಡಿದರೆ ಯಾರೋ ನೆಲ ಒರೆಸಿ ನೀರು ಬಿಟ್ಟು ಹೋದ ಹಾಗಿದೆ. ಇಷ್ಟು ದಿನ ಲೊಕೇಶನ್ ನೋಡಿ "ಆಹಾ ಎಂಥಾ ಟೆಕ್ಸ್ಚರ್" ಅಂದುಕೊಂಡಿದ್ದ ಐದು ಜನಕ್ಕೂ ಇದು ಹೊಳೆದಿರಲಿಲ್ಲ. ಕೊನೆಗೆ ಬಿಳಿ ಬೆಡ್‌ಶೀಟ್ ತಂದು ಹಾಸಿದೆವು. ಅಷ್ಟರಲ್ಲಿ ಇರುವೆ ಬಂದವು. ಹೆಣ ಎದ್ದು ಕೂತು ಕೆರೆದುಕೊಳ್ಳತೊಡಗಿತು.

ಎರಡನೇ ದಿನ ಮಧ್ಯಾಹ್ನ ರೂಮ್ ಟೋನ್. ರೆಕಾರ್ಡರ್ ನಡುಮನೆಯಲ್ಲಿ, ನನ್ನ ಮೈಕು ಜೇಡರ ಬಲೆ ತೆಗೆಯೋ ಕೋಲಿಗೆ ಕಟ್ಟಿದ್ದು, ಅದನ್ನ ಅಡುಗೆಮನೆ ಬಾಗಿಲಿಗೆ ಒರಗಿಸಿ ನಾವು ಹಜಾರದಲ್ಲಿ ನಿಂತಿದ್ದೆವು. ನಮ್ಮ ಹೀರೋಯಿನ್ ಅಡುಗೆಮನೇಲಿ ಅಜ್ಜಿ ಪಕ್ಕ. ಯಾರೋ ಬಾಗಿಲು ತಟ್ಟಿದರು. ಟೇಕ್ ಹೋಯ್ತಲ್ಲ ಅಂತ ಡೈರೆಕ್ಟರಿಗೆ ರೇಗಿತು, ಧಡಕ್ಕನೆ ಹೋಗಿ ಬಾಗಿಲು ತೆಗೆದೇಬಿಟ್ಟ.

ಅಜ್ಜಿಯ ತಮ್ಮನ ಮಗ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ತುಂಬಾ ಒಳ್ಳೆಯ ಮಾತು. ಕ್ಯಾಮೆರಾ ಬಾಡಿಗೆ ಎಷ್ಟು ಅಂತ ಕೇಳಿದರು, ಬೆಳಕು ತಿರುಗಿಸೋ ಥರ್ಮಾಕೋಲ್ ಹಿಡಿದುಕೊಂಡರು, ಬಿಸಿ ಬಿಸಿ ಬೋಂಡ ತರಿಸಿಕೊಟ್ಟರು. ನಮ್ಮ ಡೈರೆಕ್ಟರ್ "ಎಷ್ಟು ಡೌನ್ ಟು ಅರ್ತ್ ಅಲ್ವಾ" ಅಂತ ನನ್ನ ಕಿವಿಯಲ್ಲಿ ಅಂದ. ನಾನೂ ಹೂಂ ಅಂದೆ, ಮೂರು ಬೋಂಡ ತಿಂದಿದ್ದೆ.

ಆಮೇಲೆ ಅವರು ಫೈಲು ಬಿಚ್ಚಿ ಮೇಜಿನ ಮೇಲಿಟ್ಟು "ಅತ್ತೆ, ಇಲ್ಲೊಂದು, ಇಲ್ಲೊಂದು" ಅಂತ ಪೆನ್ನು ಕೊಟ್ಟರು. ಅಜ್ಜಿ ಅಂದರು, "ಕನ್ನಡಕ ಇಲ್ಲ ಕಣಪ್ಪ. ರಿಪೇರಿಗೆ ಕೊಟ್ಟಿದೀನಿ."

ಬೆಳಿಗ್ಗೆ ತಾನೇ ಅದೇ ಕನ್ನಡಕ ಹಾಕಿಕೊಂಡು ಪೇಪರ್ ಓದಿದ್ದರು. ನಾನು ನೋಡಿದ್ದೆ. ಫ್ರಿಡ್ಜ್ ಮೇಲಿತ್ತು. ನನಗೆ ಎಲ್ಲಿಲ್ಲದ ಉಪಕಾರ ಬುದ್ಧಿ ಬಂತು ನೋಡಿ, ಓಡಿ ಹೋಗಿ ತಂದು "ಅಜ್ಜಿ, ಇಲ್ಲೇ ಇದೆ!" ಅಂತ ಕೊಟ್ಟೆ. ನನ್ನ ಟೀ ಶರ್ಟಿನ ತುದಿಯಿಂದ ಒರೆಸಿ ಬೇರೆ ಕೊಟ್ಟೆ.

ಅಜ್ಜಿ ನನ್ನ ಮುಖ ನೋಡಿದರು. ಬೈಗುಳ ಇರಲಿಲ್ಲ ಅದರಲ್ಲಿ. ಪಾಠ ಒಪ್ಪಿಸೋಕೆ ಬಾರದ ಮಗುವನ್ನ ಟೀಚರ್ ನೋಡ್ತಾರಲ್ಲ, ಹಾಗೆ. ಕನ್ನಡಕ ಹಾಕಿಕೊಂಡರು, ಹಾಳೆ ತಿರುಗಿಸಿದರು, ತಿರುಗಿಸಿದರು, "ಇವತ್ತು ಮಕ್ಕಳಿದಾರೆ, ಇನ್ನೊಂದಿನ ನೋಡೋಣ" ಅಂತ ಫೈಲು ಮುಚ್ಚಿದರು. "ಪರವಾಗಿಲ್ಲ ಅತ್ತೆ, ಮುಂದಿನ ವಾರ ಬರ್ತೀನಿ" ಅಂತ ನಗುನಗುತ್ತಲೇ ಎದ್ದರು ಅವರು.

ಅದು ಗ್ಯಾಸ್ ಕನೆಕ್ಷನ್ ಪೇಪರ್ ಇದ್ದರೂ ಇರಬಹುದು. ನನಗೆ ಆ ಮನುಷ್ಯನ ಬಗ್ಗೆ ಕೆಟ್ಟದು ಹೇಳೋಕೆ ಯಾವ ಸಾಕ್ಷಿಯೂ ಇಲ್ಲ, ಬೋಂಡ ಬಿಟ್ಟರೆ. ಆದರೆ ಮಂಗಳವಾರದಿಂದ ಕಣ್ಣು ಮುಚ್ಚಿದರೆ ಫ್ರಿಡ್ಜ್ ಮೇಲಿನ ಆ ಕನ್ನಡಕ. ಒಂದು ಕಡ್ಡಿಗೆ ದಾರ ಸುತ್ತಿದ್ದರು. ಎರಡು ದಿನ ಆ ಮನೇಲಿ ಭಯ ಹುಟ್ಟಿಸೋಕೆ ಒದ್ದಾಡಿದೆವು, ಲೈಟ್ ಆರಿಸಿದೆವು, ಲೈಟಿಗೆ ನೀಲಿ ಜೆಲಟಿನ್ ಹಾಳೆ ಕಟ್ಟಿದೆವು, ಕಿಟಕಿ ಕಿರ್ ಅನ್ನಲಿ ಅಂತ ಎಣ್ಣೆ ಒರೆಸಿ ತೆಗೆದೆವು. ಮೇಜು ಅಲ್ಲೇ ಇತ್ತು. ಸುತ್ತ ಕೂತು ಬೋಂಡ ತಿಂದವರು ನಾವು.

ಹೀರೋಯಿನ್‌ಗೆ ಫೋನ್ ಮಾಡಿ ಕೇಳಿದೆ, ಅಜ್ಜಿ ನಿನಗೆ ಹಾಗಂದ್ರಾ ಅಂತ. "ಹೂಂ ಕಣೋ, ಅಂದ್ರು. ನಮ್ಮ ಸಿನಿಮಾ ಡೈಲಾಗ್ ಹೇಳಿಕೊಡ್ತಾ ಇದಾರೆ ಅಂದ್ಕೊಂಡೆ. ಚೆನ್ನಾಗಿದೆ ಅಜ್ಜಿ ಅಂದೆ."

ಡೈರೆಕ್ಟರಿಗೆ ಕೇಳಿಸಿದೆ. ಎದ್ದು ನಿಂತುಬಿಟ್ಟ. "ಇದನ್ನೇ ಓಪನಿಂಗ್ ಮಾಡೋಣ ಮಗಾ, ಬ್ಲ್ಯಾಕ್ ಸ್ಕ್ರೀನು, ಬಾಗಿಲು ತಟ್ಟೋ ಸದ್ದು, ವಿಸ್ಪರು!" ಅವನ ತಪ್ಪಿಲ್ಲ, ನನಗೂ ಮೊದಲು ಹೊಳೆದಿದ್ದು ಅದೇ. ಅಜ್ಜಿನ ಕೇಳದೆ ಹಾಕಲ್ಲ ಅಂದೆ. ಅದೇನು ಒಂದೂವರೆ ಸೆಕೆಂಡು, ಯಾರಿಗೆ ಗೊತ್ತಾಗುತ್ತೆ ಅಂದ. ಜಗಳವಾಯ್ತು. ಅವನು ಈಗಲೂ ಮಾತಾಡ್ತಿಲ್ಲ, ವಾಟ್ಸಾಪಲ್ಲಿ ಬರೀ ಥಂಬ್ಸ್ ಅಪ್ ಹಾಕ್ತಾನೆ.

ಗುರುವಾರ ಸಂಜೆ ಒಂದು ಡಜನ್ ಬಾಳೆಹಣ್ಣು, ಒಡೆಸಿದ ಹಾಲಿನ ಪ್ರಾಯಶ್ಚಿತ್ತಕ್ಕೆ ಒಂದು ಲೀಟರ್ ಹಾಲಿನ ಪ್ಯಾಕೆಟ್ ತಗೊಂಡು ಹೋದೆ. ಹಜಾರದ ಕಿಟಕಿಯಲ್ಲಿ ಬೆಳಕಿತ್ತು. ಒಳಗೆ ಟಿವಿಯಲ್ಲಿ ಯಾವುದೋ ಧಾರಾವಾಹಿ, ಯಾರೋ ಜೋರಾಗಿ ಅಳ್ತಾ ಇದ್ದರು.

ಬಾಗಿಲು ತಟ್ಟಿದೆ.

ಟಿವಿ ಸದ್ದು ಥಟ್ಟನೆ ನಿಂತಿತು. ಲೈಟೂ ಹೋಯ್ತು. ಗಡಿಯಾರ ಕೇಳಿಸುತ್ತಿತ್ತು, ಅದೇ ರೂಮ್ ಟೋನು.

"ಅಜ್ಜಿ, ನಾನು. ಮೈಕ್ ಹುಡುಗ."

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚಪ್ಪಲಿ ಎಳೆದುಕೊಂಡು ಬರೋ ಸದ್ದು, ಬಾಗಿಲ ಆಚೆ ಬಂದು ನಿಂತಿತು. ಚಿಲಕ ತೆಗೆಯೋ ಮುಂಚೆ ಕೇಳಿದರು.

"ಒಬ್ನೇನಾ?"