ಬ್ಯಾಲಾಕ್ ನ ಬಾ ಏರಿದ ಹಗುರ ಕಾರು

ಸ್ಕಾಟ್ಲೆಂಡಿನ ಬ್ಯಾಲಾಕ್ ನ ಬಾ ಘಾಟಿಯಲ್ಲಿ ಗಂಟೆಗೆ 40 ಕಿ.ಮೀ. ದಾಟುವ ಅವಕಾಶವೇ ಕಡಿಮೆ. ದಾರಿ ಒಂದು ಕಾರಿನಷ್ಟೇ ಅಗಲ. ಎದುರಿನಿಂದ ಯಾರಾದರೂ ಬಂದರೆ ಇಬ್ಬರಲ್ಲಿ ಒಬ್ಬರು ಪಕ್ಕದ ಜಾಗದಲ್ಲಿ ನಿಂತು ದಾರಿ ಬಿಡಬೇಕು. ತಿರುವಿನಾಚೆ ರಸ್ತೆ ಮೇಲೆಯೇ ಕುರಿ ಮಲಗಿರಬಹುದು. ಅಂಥ ಕಡೆಗೆ ಸ್ಪೋರ್ಟ್ಸ್ ಕಾರು ಯಾಕೆ ಅಂತ ಗೆಳೆಯರು ಕೇಳಿದ್ದರು. ನನಗೂ ಸ್ವಲ್ಪ ಅನುಮಾನ ಇತ್ತು. ಆದರೆ ಈ ಕಾರು ಕೊಂಡಾಗಿನಿಂದ ಇಷ್ಟು ಖುಷಿಯನ್ನು ಬೇರೆ ಯಾವ ದಾರಿಯೂ ಕೊಟ್ಟಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾರು 1998ರ ಲೋಟಸ್ ಎಲೀಸ್. ಇಂಗ್ಲೆಂಡಿನ ನಾರ್ಫೋಕ್ ಜಿಲ್ಲೆಯ ಹೆಥೆಲ್‌ನಲ್ಲಿ ತಯಾರಾದದ್ದು. ಎರಡನೇ ಮಹಾಯುದ್ಧದ ಕಾಲದ ವಿಮಾನ ನಿಲ್ದಾಣದ ಜಾಗದಲ್ಲಿ 1966ರಿಂದ ಲೋಟಸ್ ಕಾರ್ಖಾನೆ ಇದೆ. ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ 1982ರಲ್ಲಿ ತೀರಿಕೊಂಡರು. ಬಲ ಹೆಚ್ಚಿಸುವ ಮೊದಲು ತೂಕ ಇಳಿಸಿ ಎನ್ನುವ ಅವರ ಹಟ ಮಾತ್ರ ಈ ಕಾರಿನಲ್ಲಿ ಪೂರ್ತಿಯಾಗಿ ಉಳಿದಿದೆ. ಅಲ್ಯೂಮಿನಿಯಂ ಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಕೂಡಿಸಿ ಮಾಡಿದ ಚಾಸಿ ಬರೀ 68 ಕಿಲೋ. ಮೇಲಿನ ಮೈ ಫೈಬರ್ ಗ್ಲಾಸಿನದು. ಇಡೀ ಕಾರು ಸುಮಾರು 725 ಕಿಲೋ. ಈಗಿನ ಸಾಧಾರಣ ಕುಟುಂಬದ ಕಾರೇ ಇದರ ಎರಡರಷ್ಟು ತೂಗುತ್ತದೆ. ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ ಇಲ್ಲ, ಬ್ರೇಕಿಗೆ ಬೂಸ್ಟರ್ ಕೂಡ ಇಲ್ಲ. ಸೀಟಿನ ಹಿಂದೆ 1.8 ಲೀಟರಿನ ರೋವರ್ ಕೆ ಸೀರೀಸ್ ಇಂಜಿನ್, 118 ಕುದುರೆ ಶಕ್ತಿ. ಇಷ್ಟು ಹಗುರ ಕಾರಿಗೆ ಅದು ಧಾರಾಳ.

ಉತ್ತರಕ್ಕೆ ಹೋದ ಹೆದ್ದಾರಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಹೆದ್ದಾರಿಯಲ್ಲಿ ಎಲೀಸ್ ಗದ್ದಲದ ಕಾರು, ಲಾರಿಗಳ ಚಕ್ರದ ಮಟ್ಟಕ್ಕೆ ನಮ್ಮ ತಲೆ. ಗ್ಲೆನ್‌ಕೋ ಕಣಿವೆ ಎಲ್ಲರೂ ಹೊಗಳುವಷ್ಟೇ ಚೆಂದ. ಆದರೆ ಅಲ್ಲಿ ಸಾಲುಗಟ್ಟಿ ನಿಂತ ಕಾರುಗಳ ನಡುವೆ ನನಗೆ ಹೆಚ್ಚು ಹೊತ್ತು ನಿಲ್ಲಬೇಕು ಅನ್ನಿಸಲಿಲ್ಲ. ನಿಜವಾದ ಪ್ರವಾಸ ಶುರುವಾಗಿದ್ದು ಲಾಕ್ ಕ್ಯಾರನ್ ದಾಟಿ, ಕಿಶಾರ್ನ್ ಹತ್ತಿರ ಟಾರ್ನಪ್ರೆಸ್ ಎಂಬಲ್ಲಿ ಎಡಕ್ಕೆ ತಿರುಗಿದಾಗ. ಹೊಸದಾಗಿ ಕಲಿಯುವವರು ಮತ್ತು ದೊಡ್ಡ ವಾಹನದವರು ಈ ದಾರಿ ಹಿಡಿಯಬೇಡಿ ಅಂತ ಅಲ್ಲೊಂದು ದೊಡ್ಡ ಫಲಕ ಇದೆ. ಅಲ್ಲೇ ನಿಲ್ಲಿಸಿ ಬಟ್ಟೆಯ ಟಾಪ್ ಬಿಚ್ಚಿ ಸುತ್ತಿಟ್ಟೆ.

ಹಿಂದೆ ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ ದಾರಿ ಇದು. ಕಡಲ ಮಟ್ಟದಿಂದ ಶುರುವಾಗಿ 626 ಮೀಟರ್ ಎತ್ತರಕ್ಕೆ ಏರುತ್ತದೆ. ಕೆಲವು ಕಡೆ ಏರು ಐದಕ್ಕೆ ಒಂದರಷ್ಟು ಕಡಿದು. ಮೊದಲ ಕಿಲೋಮೀಟರುಗಳು ಬೆಟ್ಟದ ಮೈಗೆ ಒರಗಿಕೊಂಡು ನಿಧಾನವಾಗಿ ಮೇಲೇರುತ್ತವೆ. ಕೆಳಗೆ ಕಿಶಾರ್ನ್ ಖಾರಿ ಚಿಕ್ಕದಾಗುತ್ತಾ ಹೋಗುತ್ತದೆ. ಆಮೇಲೆ ಎರಡೂ ಕಡೆ ಕರಿಬಂಡೆಯ ಗೋಡೆ. ಎದುರಿಗೆ ಬೆಟ್ಟ ಮುಚ್ಚಿಕೊಂಡಂತೆ ಕಾಣುತ್ತದೆ, ದಾರಿ ಎಲ್ಲಿ ಹೋಗುತ್ತದೆ ಅಂತಲೇ ತಿಳಿಯುವುದಿಲ್ಲ. ಹತ್ತಿರ ಹೋದರೆ ಹೇರ್‌ಪಿನ್ ತಿರುವುಗಳು.

ಇಲ್ಲಿ ನನ್ನ ಕಾರು ಬೇರೆಯೇ ಆಯಿತು. ಎರಡನೇ ಗೇರು, ಗಂಟೆಗೆ 30 ಕಿ.ಮೀ. ಮುಂದಿನ ಟೈರು 185 ಮಿ.ಮೀ.ನ ಸಣ್ಣ ಅಗಲದ್ದು, ಅದರ ಮೇಲಿನ ಭಾರವೂ ಕಡಿಮೆ. ಹಾಗಾಗಿ ಡಾಂಬರಿನ ಮೇಲಿದ್ದ ಪ್ರತಿ ತೇಪೆ, ಪ್ರತಿ ಜಲ್ಲಿಕಲ್ಲು ಸ್ಟೀರಿಂಗಿನ ಮೂಲಕ ಅಂಗೈಗೆ ಬರುತ್ತಿತ್ತು. ಒದ್ದೆ ಜಾಗದಲ್ಲಿ ಸ್ಟೀರಿಂಗ್ ಒಂದು ಚೂರು ಸಡಿಲವಾಗುತ್ತದೆ, ಒಣ ಜಾಗ ಬಂದ ಕೂಡಲೇ ಮತ್ತೆ ಬಿಗಿಯಾಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತಿತ್ತು. ಭಾರದ ಕಾರಿನಲ್ಲಿ ಇಷ್ಟು ತಿಳಿಯಬೇಕಾದರೆ ಅಪಾಯವಾಗುವಷ್ಟು ಜೋರಾಗಿ ಓಡಿಸಬೇಕು. ಇಲ್ಲಿ ಸೈಕಲ್ಲಿನವರ ಹಿಂದೆ ತೆವಳುತ್ತಾ ಹೋಗುವಾಗಲೂ ಎಲ್ಲವೂ ತಿಳಿಯುತ್ತಿತ್ತು. ಹೇರ್‌ಪಿನ್ನಿನಲ್ಲಿ ಬ್ರೇಕ್ ಬಿಡುತ್ತಾ ತಿರುಗಿಸಿದರೆ ಮೂಗು ಒಳಕ್ಕೆ ಬರುತ್ತದೆ, ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಹಿಂಭಾರ ಕೂತು ಕಾರು ಮೇಲಕ್ಕೆ ಎಳೆಯುತ್ತದೆ. ಹಗುರ ಕಾರಿನ ಸುಖ ಅಂದರೆ ವೇಗ ಅಂತ ಇಷ್ಟು ದಿನ ನಂಬಿದ್ದೆ. ಆ ಏರಿನಲ್ಲಿ ಗಾಡಿ ನಿಧಾನವಾದಷ್ಟೂ ನನ್ನ ಖುಷಿ ಜಾಸ್ತಿಯಾಗುತ್ತಿತ್ತು.

ನಮ್ಮ ಹಿಂದೆ ದುಬಾರಿ ಕಾರುಗಳ ಒಂದು ಗುಂಪು ಬಂತು. ಸೈಲೆನ್ಸರ್ ಸದ್ದು ಕಣಿವೆ ತುಂಬಿತು. ದಾರಿ ಬಿಟ್ಟೆ. ಅಷ್ಟು ಅಗಲದ ಕಾರುಗಳು ಅಷ್ಟು ಸಣ್ಣ ದಾರಿಯಲ್ಲಿ ಪ್ರತಿ ಎದುರು ಗಾಡಿಗೂ ತಿಣುಕುತ್ತಿದ್ದವು. ಅವರಿಗೆ ಬೆಟ್ಟ ಕಂಡಿತೋ ಇಲ್ಲವೋ ಅನುಮಾನ. ಸದ್ದು ನನಗೂ ಇಷ್ಟ, ಆದರೆ ಕುರಿಮರಿಗಳು ಬೆದರಿ ಓಡುವಷ್ಟು ಸದ್ದು ಯಾಕೆ ಬೇಕು?

ಎಲೀಸಿನಲ್ಲಿ ಇಂಜಿನ್ ಬಿಸಿಯನ್ನು ಅಂಕಿಯಲ್ಲೇ ತೋರಿಸುವ ಪುಟ್ಟ ಡಿಜಿಟಲ್ ಪರದೆ ಇದೆ. ನನ್ನ ಕಾರು ಸಾಮಾನ್ಯವಾಗಿ 88 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಹೇರ್‌ಪಿನ್ನುಗಳ ಮಧ್ಯೆ ನೋಡಿದಾಗ 94 ಇತ್ತು. ಏರಿಗೆ ಇರಬಹುದು ಅಂದುಕೊಂಡೆ. 101 ಆಯಿತು. ಮುಂದಿನಿಂದ ಫ್ಯಾನ್ ತಿರುಗುವ ಸದ್ದು ಕೇಳಿತು, ಆದರೂ ಅಂಕಿ ಇಳಿಯಲಿಲ್ಲ. ತುದಿಯ ಪಾರ್ಕಿಂಗ್ ಸೇರುವಾಗ 106. ಪಶ್ಚಿಮಕ್ಕೆ ರಾಸೆ ದ್ವೀಪ, ಅದರಾಚೆ ಸ್ಕೈ ದ್ವೀಪದ ಚೂಪು ಬೆಟ್ಟಗಳು. ಜನ ಅದನ್ನು ನೋಡುತ್ತಿದ್ದರು, ನಾನು ಆ ಪರದೆಯನ್ನೇ ನೋಡುತ್ತಿದ್ದೆ.

ಕೆ ಸೀರೀಸ್ ಇಂಜಿನ್ ಇಟ್ಟುಕೊಂಡವರಿಗೆಲ್ಲ ಈ ಭಯ ಗೊತ್ತು. ಹಗುರವಾದ, ಜಾಣತನದ ಇಂಜಿನ್ ಅದು. ತಲೆಯಿಂದ ಬುಡದವರೆಗೆ ಉದ್ದದ ಬೋಲ್ಟುಗಳು ಇಡೀ ಇಂಜಿನ್ನನ್ನು ಒಟ್ಟಿಗೆ ಹಿಡಿದಿರುತ್ತವೆ. ಒಳಗಿನ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಬಹಳ ಕಡಿಮೆ, ಅದಕ್ಕೇ ಬೇಗ ಬಿಸಿಯಾಗುತ್ತದೆ. ಕೂಲಂಟ್ ಸ್ವಲ್ಪ ಕಡಿಮೆಯಾದರೂ, ಗಾಳಿ ಸೇರಿಕೊಂಡರೂ ಇಂಜಿನ್ ತಲೆಗೂ ಬುಡಕ್ಕೂ ನಡುವಿನ ಸೀಲು, ಹೆಡ್ ಗ್ಯಾಸ್ಕೆಟ್, ಹೋಗುವ ಸಂಭವ ಇದೆ.

ಪಕ್ಕದಲ್ಲಿ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ನಿಂತಿತ್ತು. ಏಳುವ ದೀಪಗಳ ಆ ಹಳೆಯ ಮುಖ, ಕೆಂಪು ಬಣ್ಣ. ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಇಳಿದು ಬಂದರು. ಅವರ ಗಂಡ ಮ್ಯಾಪು ಹಿಡಿದು ಕಾರಿನಲ್ಲೇ ಕೂತಿದ್ದರು.

"ಇಂಜಿನ್ ಆಫ್ ಮಾಡಬೇಡಿ ಇನ್ನೂ. ಹೀಟರ್ ಹಾಕಿ ನೋಡಿದ್ರಾ?" ಅಂದರು.

ಪೂರ್ತಿ ಬಿಸಿಗೆ ತಿರುಗಿಸಿದೆ. ಹೀಟರ್ ಕೆಲಸ ಮಾಡುವುದು ಇಂಜಿನ್ನಿನ ಬಿಸಿ ಕೂಲಂಟಿನಿಂದಲೇ. ಆದರೂ ತಣ್ಣನೆ ಗಾಳಿ ಬಂತು.

ಅವರು ಬಾನೆಟ್ ಮೇಲಿನ ಕಿಂಡಿಗೆ ಅಂಗೈ ಒಡ್ಡಿದರು. ರೇಡಿಯೇಟರಿನ ಗಾಳಿ ಹೊರಗೆ ಬರುವುದು ಅಲ್ಲಿಂದಲೇ. "ಇಲ್ಲೂ ತಣ್ಣಗಿದೆ ನೋಡಿ. ಫ್ಯಾನ್ ಓಡ್ತಾ ಇದೆ, ಇಂಜಿನ್ ನೂರಾ ಆರರಲ್ಲಿದೆ, ಆದರೆ ಬಿಸಿನೀರು ಇಲ್ಲಿಗೆ ಬರ್ತಾನೇ ಇಲ್ಲ. ಒಳಗೆ ಗಾಳಿ ಕೂತಿದೆ. ಈಗ ಆಫ್ ಮಾಡಿ. ಇತ್ತೀಚೆಗೆ ಯಾರಾದರೂ ಪೈಪು ಬಿಚ್ಚಿದ್ರಾ?"

ಬಿಚ್ಚಿದ್ದರು. ಹೊರಡುವ ಮುಂಚಿನ ವಾರ ಒಂದು ಗ್ಯಾರೇಜಿನವರು ಹಳೆಯ ಕೂಲಂಟ್ ಪೈಪೊಂದನ್ನು ಬದಲಿಸಿದ್ದರು. ಗಾಳಿ ಪೂರ್ತಿ ತೆಗೆದಿದ್ದೇವೆ ಅಂತ ಬಿಲ್ಲಿನಲ್ಲೇ ಬರೆದಿದ್ದರು.

"ಹೆದ್ದಾರಿಯಲ್ಲಿ ಯಾಕೆ ಏನೂ ಆಗಲಿಲ್ಲ?" ಅಂತ ಕೇಳಿದೆ.

"ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತೆ ಅಲ್ವಾ? ನಿಮ್ಮ ಇಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ಇಷ್ಟು ಹೊತ್ತು ಮೂಗು ಮೇಲೆ ಮಾಡಿಕೊಂಡು ಬೆಟ್ಟ ಹತ್ತಿದ್ದೀರಿ. ಎಲ್ಲೋ ಮೂಲೆಯಲ್ಲಿ ಕೂತಿದ್ದ ಗಾಳಿ ರೇಡಿಯೇಟರಿಗೆ ಬಂದಿರಬೇಕು. ನನ್ನ ಊಹೆ ಅಷ್ಟೇ."

ಇಂಜಿನ್ ತಣ್ಣಗಾಗುವ ತನಕ ಕೂಲಂಟ್ ಡಬ್ಬಿಯ ಮುಚ್ಚಳ ಮುಟ್ಟುವ ಹಾಗಿಲ್ಲ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಹಾಗಾಗಿ ಸುಮಾರು ಒಂದು ಗಂಟೆ ಮಾತಾಡುತ್ತಾ ಕೂತೆವು. ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ನೆನಪಿರುವುದು ಆ ಒಂದು ಗಂಟೆ.

ಅವರ ಕಾರಿನ ಕೆಲಸ ಬಹುಪಾಲು ಅವರೇ ಮಾಡುತ್ತಾರಂತೆ. "ಈ ಕಾರಿನ ಇಂಜಿನ್ ಸಾಯಲ್ಲ, ತುಕ್ಕು ಸಾಯಿಸುತ್ತೆ" ಅಂದರು. ಟಾಪಿನ ಮೇಲೆ ಬಿದ್ದ ಮಳೆನೀರು ಹಿಂಬದಿಯ ಎರಡು ಸಣ್ಣ ಕೊಳವೆಗಳಿಂದ ಕೆಳಗೆ ಇಳಿಯಬೇಕು. ಎಲೆ, ಮಣ್ಣು ಸೇರಿ ಅವು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ನಿಲ್ಲುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುತ್ತದೆ, ಒಳಗಿನಿಂದ ತಗಡು ಕರಗುತ್ತಿರುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದ ತುಂಡೊಂದನ್ನು ಗ್ಲೋವ್ ಬಾಕ್ಸಿನಿಂದ ತೆಗೆದು ತೋರಿಸಿದರು. ಮಳೆಗಾಲಕ್ಕೆ ಮುಂಚೆ ಅದನ್ನು ಕೊಳವೆಗೆ ತೂರಿಸಿ ಕಸ ತೆಗೆಯುತ್ತಾರೆ. ತಂತಿ ಹಾಕಿದರೆ ಕೊಳವೆ ತೂತಾಗುತ್ತದೆ, ದಾರವೇ ಸರಿ ಅಂತ ಒತ್ತಿ ಹೇಳಿದರು.

"ಎಲೀಸ್ ಕೊಳ್ಳಬೇಕು ಅಂತ ನಿಮಗೆ ಅನ್ನಿಸಲಿಲ್ವಾ?"

"ತುಂಬಾ ಅನ್ನಿಸಿತ್ತು. ಓಡಿಸಿಯೂ ನೋಡಿದೆ. ಆ ಅಗಲದ ಸಿಲ್ ದಾಟಿ ಇಳಿಯೋಕೆ ನನ್ನ ಮಂಡಿ ಒಪ್ಪಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಯಾರೂ ಇಂಥ ಕಾರು ಮಾಡಲ್ಲ. ಇರೋದನ್ನ ನಾವೇ ಉಳಿಸಿಕೊಳ್ಳಬೇಕು" ಅಂದರು. ಎಲೀಸ್ ತಯಾರಿಕೆ 2021ರಲ್ಲಿ ನಿಂತಿತು. ಆ ಸುದ್ದಿ ಓದಿದ ದಿನ ನನಗೂ ಇದೇ ಯೋಚನೆ ಬಂದಿತ್ತು.

ತಣ್ಣಗಾದ ಮೇಲೆ ಕಾರನ್ನು ತೀರಾ ಸಮತಟ್ಟಾದ ಜಾಗಕ್ಕೆ ತಳ್ಳಿದೆವು. ಹಗುರ ಕಾರು, ಇಬ್ಬರೇ ಸಾಕಾದೆವು. ಹಿಂದಿರುವ ಕೂಲಂಟ್ ಡಬ್ಬಿ ಗಾಳಿ ಬಿಡುವ ಸ್ಕ್ರೂಗಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಗಾಳಿ ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ ಅಂತ ಅವರು ವಿವರಿಸಿದರು. ಡಬ್ಬಿಗೆ ಅವರ ಕುಡಿಯುವ ನೀರು ಸುರಿದೆವು. ರೇಡಿಯೇಟರಿನ ಸ್ಕ್ರೂ ಸಡಿಲಿಸಿದಾಗ ಬುಸ್ ಅಂತ ಗಾಳಿ ಹೊರಟಿತು. ಆಮೇಲೆ ಗುಳ್ಳೆ ಗುಳ್ಳೆ, ಕೊನೆಗೆ ಬರೀ ನೀರು. ಬಿಗಿ ಮಾಡಿ, ಇಂಜಿನ್ ಹತ್ತಿರದ ಸ್ಕ್ರೂನಲ್ಲೂ ಹಾಗೆಯೇ ಮಾಡಿದೆವು. ಸುಮಾರು ಒಂದು ಲೀಟರ್ ನೀರು ಹಿಡಿಯಿತು. ಈ ಇಂಜಿನ್ನಿಗೆ ಅದು ಸಣ್ಣ ಕೊರತೆ ಅಲ್ಲ. ಆಯಿಲ್ ಮುಚ್ಚಳ ತೆಗೆದು ನೋಡಿದೆ. ಗ್ಯಾಸ್ಕೆಟ್ ಹೋಗಿ ಆಯಿಲಿಗೆ ನೀರು ಸೇರಿದರೆ ಕಾಣುವ ಕೆನೆಯಂಥ ಬಿಳಿ ಲೋಳೆ ಇರಲಿಲ್ಲ. ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆಯೂ ಇಲ್ಲ. ಹೀಟರಿನಿಂದ ಬಿಸಿ ಗಾಳಿ ಬಂದಾಗ ಅವರೇ ಚಪ್ಪಾಳೆ ತಟ್ಟಿದರು. ಗ್ಯಾಸ್ಕೆಟ್ ಉಳಿದಿತ್ತು.

ಆ ಗ್ಯಾರೇಜಿನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಗಾಳಿ ತೆಗೆಯುವುದು ಕಷ್ಟದ ಕೆಲಸ ಅಲ್ಲ, ತಾಳ್ಮೆ ಬೇಕು ಅಷ್ಟೇ. ಇಂಜಿನ್ ಹಿಂದೆ, ರೇಡಿಯೇಟರ್ ಮುಂದೆ ಇರುವ ಯಾವ ಕಾರಾದರೂ ಸರಿ, ಯಾರೇ ಕೂಲಂಟ್ ಪೈಪು ಮುಟ್ಟಿದರೂ ಅವರೆದುರೇ ಇಂಜಿನ್ ಓಡಿಸಿ. ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವ ತನಕ ಕಾಯಿರಿ. ಹೀಟರಿನಲ್ಲಿ ಬಿಸಿ ಗಾಳಿ ಬರಬೇಕು, ರೇಡಿಯೇಟರ್ ಕಿಂಡಿಯಲ್ಲೂ ಬರಬೇಕು. ಕಾರು ಪೂರ್ತಿ ತಣ್ಣಗಾದ ಮೇಲೆ, ಮರುದಿನ ಬೆಳಿಗ್ಗೆ, ಡಬ್ಬಿಯ ಮಟ್ಟ ಮತ್ತೆ ನೋಡಿ. ದಾರಿಯಲ್ಲಿ ಬರೀ ನೀರು ಹಾಕಿದ್ದರೆ ಊರು ಸೇರಿದ ಮೇಲೆ ಸರಿಯಾದ ಆಂಟಿಫ್ರೀಜ್ ಮಿಶ್ರಣ ತುಂಬಿಸಿ. ಅದು ಹೆಪ್ಪುಗಟ್ಟುವುದನ್ನಷ್ಟೇ ಅಲ್ಲ, ಅಲ್ಯೂಮಿನಿಯಂ ಸವೆಯುವುದನ್ನೂ ತಡೆಯುತ್ತದೆ.

ಘಾಟಿಯಾಚೆ ಕಡಲಂಚಿನ ಆಪಲ್‌ಕ್ರಾಸ್ ಊರಿನ ಕಡೆಗಿನ ಇಳಿಜಾರು ಅಷ್ಟು ಕಡಿದಲ್ಲ, ತೆರೆದ ಬಯಲು. ಎರಡನೇ ಗೇರಿನಲ್ಲೇ ಇಳಿದೆ, ಬ್ರೇಕು ಹೆಚ್ಚು ಕೇಳಲೇ ಇಲ್ಲ. ಹಿಂದೆ ಬಂದ ಭಾರದ ಕಾರೊಂದರ ಬ್ರೇಕು ಸುಟ್ಟ ವಾಸನೆ ಕೆಳಗಿನ ತನಕ ಬಂತು. ಪರದೆಯಲ್ಲಿ 87, 88, ಮತ್ತೆ 87. ಈಗ ಕಡಲನ್ನು ಸಮಾಧಾನವಾಗಿ ನೋಡಿದೆ.

ಮರುದಿನ ಬೆಳಿಗ್ಗೆ ಕೂಲಂಟ್ ಮಟ್ಟ ಹಾಗೇ ಇತ್ತು. ಆಪಲ್‌ಕ್ರಾಸಿನಿಂದ ಶೀಲ್ಡೇಗ್‌ಗೆ ಕಡಲಂಚಿನ ಸುಮಾರು 40 ಕಿ.ಮೀ. ದಾರಿ. ಹೆಚ್ಚಿನ ಜನ ಘಾಟಿ ಹತ್ತಿ ಫೋಟೋ ತೆಗೆದು ವಾಪಸ್ ಹೋಗುತ್ತಾರೆ. ಅವರು ಕಳೆದುಕೊಳ್ಳುವುದು ಈ ದಾರಿಯನ್ನು. ಸಣ್ಣ ಉಬ್ಬು, ಕುರುಡು ತಿರುವು, ಮತ್ತೆ ಉಬ್ಬು. ಎಲೀಸಿನ ಮೆತ್ತನೆಯ ಸಸ್ಪೆನ್ಶನ್ ಅದಕ್ಕೆಂದೇ ಮಾಡಿದಂತಿತ್ತು. ಹಗುರ ಕಾರಿಗೆ ಗಟ್ಟಿ ಸ್ಪ್ರಿಂಗ್ ಬೇಕಿಲ್ಲ. ಗಟ್ಟಿ ಮಾಡಿ ಓಡಿಸುವವರು ಅದರ ಅರ್ಧ ಗುಣವನ್ನೇ ಕೆಡಿಸುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ಟೈರಿನ ಗಾಳಿಯೂ ಅಷ್ಟೇ. ಸಾಮಾನ್ಯ ಕಾರಿನ ಲೆಕ್ಕದಲ್ಲಿ ತುಂಬಿಸಿದರೆ ಕಾರು ಪುಟಿಯುತ್ತದೆ. ಟೈರು ತಣ್ಣಗಿರುವಾಗ ನಾನೇ ಅಳೆಯುತ್ತೇನೆ.

ಟಾರಿಡನ್ ಹತ್ತಿರ ಮಳೆ ಹಿಡಿಯಿತು. ಅಲ್ಲಿಂದ ಮನೆಯ ತನಕ ಟಾಪ್ ತೆಗೆಯಲಿಲ್ಲ.

ಒಂದು ಉಬ್ಬಿನಲ್ಲಿ ಹಿಂಬದಿ ಸ್ವಲ್ಪ ಅಲುಗಿದಂತೆ ಅನ್ನಿಸಿತ್ತು. ಊರಿಗೆ ಬಂದು ಚಕ್ರ ಎತ್ತಿ ನೋಡಿದರೆ ಹಿಂದಿನ ಚಕ್ರವನ್ನು ನೇರವಾಗಿ ಹಿಡಿದಿಡುವ ಸರಳು, ಟೋ ಲಿಂಕಿನ, ಬಾಲ್ ಜಾಯಿಂಟ್ ಸಡಿಲವಾಗಿದೆ. ಎಲೀಸಿನಲ್ಲಿ ಅದು ಮುರಿದರೆ ಹಿಂದಿನ ಚಕ್ರವೇ ತಿರುಗಿಕೊಳ್ಳುತ್ತದೆ, ಹಾಗಾಗಿ ಎರಡೂ ಕಡೆಗೆ ಹೊಸದನ್ನು ತರಿಸಿದ್ದೇನೆ. ಕೂಲಂಟನ್ನೂ ಪೂರ್ತಿ ಇಳಿಸಿ, ಈ ಸಲ ನಾನೇ ತುಂಬಿಸಿ ಗಾಳಿ ತೆಗೆದೆ. ಲಿಂಕು ಹಾಕಿ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಇನ್ನೂ ಉತ್ತರಕ್ಕೆ, ಡರ್ನೆಸ್ ತನಕ ಹೋಗುವ ಯೋಚನೆ ಇದೆ. ಹೋಗುವಾಗ ಘಾಟಿಯನ್ನು ಈ ಸಲ ಆಪಲ್‌ಕ್ರಾಸ್ ಕಡೆಯಿಂದ ಹತ್ತಬೇಕು.