ತಿಂಗಳು ಎಣಿಸಿ ಕೆಡಿಸಿದ ಎರಡು ಬಿಲ್ಲು

ಪುಣೆಯ ಕಾತ್ರಜ್ ಕಡೆ ನಮ್ಮದೊಂದು ತಗಡಿನ ಶೆಡ್ಡು. ಹೊಟ್ಟೆಪಾಡಿಗೆ ಬಾಗಿಲು-ಚೌಕಟ್ಟು, ಅದರ ನಡುವೆ ಬಿಲ್ಲು. ಹೆಚ್ಚಿನವು ಬಿದಿರಿನವು, ಇಂಡಿಯನ್ ರೌಂಡ್ ಅನ್ನುವ ದೇಸಿ ಬಿಲ್ಲುಗಾರಿಕೆ ಸ್ಪರ್ಧೆಗೆ ಕಲಿಯುವ ಮಕ್ಕಳಿಗೆ. ಅವರು 30 ಮತ್ತು 50 ಮೀಟರಿನಿಂದ ಹೊಡೆಯುತ್ತಾರೆ. ಮರದ್ದೇ ಬೇಕು ಅಂದವರಿಗೆ ದಡಸಲು. ಇಲ್ಲಿನವರು ಧಾಮಣ್ ಅನ್ನುತ್ತಾರೆ. ನಮ್ಮೂರಲ್ಲಿ ಅಜ್ಜ ಕೊಡಲಿ ಕಾವಿಗೆ ಹುಡುಕುತ್ತಿದ್ದುದೂ ಇದನ್ನೇ.

ಹೋದ ವರ್ಷ ಜನವರಿಯಲ್ಲಿ ಮುಳಶಿ ಕಡೆಯ ಹೊಲದವರೊಬ್ಬರು ಒಪ್ಪಿ ಕೊಟ್ಟ ಕೊಂಬೆಗಳನ್ನು ಆರಡಿಗೆ ಕೊಯ್ದು, ಎರಡಾಗಿ ಸೀಳಿ, ಬಿರುಕು ಬಿಡದಂತೆ ತುದಿಗಳಿಗೆ ಪೇಂಟ್ ಬಳಿದು ಇಟ್ಟೆ. ಐದು ತಿಂಗಳು, ಅದರಲ್ಲಿ ಪುಣೆಯ ಏಪ್ರಿಲ್, ಮೇ. ಒಣಗದೆ ಏನು ಮಾಡೀತು? ಜೂನ್ ಮೊದಲ ವಾರ ಆರ್ಡರ್ ಬಂತು, ಕೆತ್ತಲು ಕೂತೆ.

ಎರಡು ಕೋಲು ಮಾತ್ರ ಹಿಂದಿನ ಗೋಡೆಗೆ ಒರಗಿದ್ದವು. ಆಚೆ ಬದಿಯಲ್ಲಿ ಪಕ್ಕದ ಮನೆಯ ನಲ್ಲಿ ಸೋರುತ್ತಿತ್ತು. ಅದು ಗೊತ್ತಾಗಿದ್ದು ಬಿಲ್ಲು ಹಾಳಾದ ಮೇಲೆ.

ಬಿಲ್ಲು ಎಳೆದಾಗ ಗುರಿಯ ಕಡೆಯ ಮೈ ಹಿಗ್ಗುತ್ತದೆ, ನಮ್ಮ ಕಡೆಯ ಮೈ ಕುಗ್ಗುತ್ತದೆ. ಒಣಗಿದ ಮರ ಕುಗ್ಗಿ ಮತ್ತೆ ಎದ್ದು ಬರುತ್ತದೆ. ಹಸಿ ಉಳಿದ ಮರ ಕುಗ್ಗಿದಲ್ಲೇ ಕೂರುತ್ತದೆ. ಆ ಕೋಲಿನಿಂದ ಕೆತ್ತಿದ ಮೊದಲ ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ರಾಟೆಯಿಂದ ಹೆದೆ ಎಳೆದು ನೋಡಿದೆ: ಕೆಳತೋಳು, ಅಂದರೆ ಹಿಡಿಯ ಕೆಳಗಿನ ಅರ್ಧ, ಹೆಚ್ಚು ಬಾಗುತ್ತಿತ್ತು. ಮೇಲ್ತೋಳು ಗಡುಸಾಗಿದೆ ಅಂದುಕೊಂಡು ಅದರ ಒಳಮೈಯನ್ನು ಅರದಿಂದ ತೀಡಿದೆ. ಮರುದಿನ ಕೆಳತೋಳು ಇನ್ನೂ ಜೋತಿತ್ತು. ಮತ್ತೆ ತೀಡಿದೆ. ಮರದ ಕಾಯಿಲೆಯನ್ನು ಕೆತ್ತನೆಯ ತಪ್ಪು ಅಂದುಕೊಂಡಿದ್ದೆ. ದಪ್ಪದಲ್ಲಿ ಹತ್ತನೇ ಒಂದು ಪಾಲು ಹೋದರೆ ಬಿಗಿಯಲ್ಲಿ ಕಾಲು ಪಾಲಿಗಿಂತ ಹೆಚ್ಚು ಹೋಗುತ್ತದೆ. ಎಳೆಯಲು 30 ಪೌಂಡ್ ಬಲ ಬೇಕಾಗಿದ್ದ ಬಿಲ್ಲು 18ಕ್ಕಿಳಿಯಿತು, ಹೆದೆ ಬಿಚ್ಚಿದರೂ ತುದಿಗಳು ಎರಡು ಇಂಚು ಬಾಗಿಯೇ ಉಳಿದವು. ಎರಡನೆಯದೂ ಅದೇ ಹಾದಿ ಹಿಡಿಯಿತು. ತರಿಸಿಕೊಂಡವರಿಗೆ ಮುಂಗಡ ವಾಪಸ್.

ಈಗ ಹೊಸ ಪದ್ಧತಿ: ರದ್ದಿ ಅಂಗಡಿಯಿಂದ ತಂದ ತಕ್ಕಡಿ. ಪ್ರತಿ ಸೋಮವಾರ ಕೋಲು ತೂಗಿ ಮೈಮೇಲೇ ಪೆನ್ಸಿಲಿನಲ್ಲಿ ಬರೆಯುವುದು. ಮೂರು ವಾರ ಅಂಕಿ ಕದಲದಿದ್ದರೆ ಒಣಗಿದೆ ಅಂತ, ಆಗ ಕೆತ್ತನೆಗೆ. ಮಳೆಗಾಲದಲ್ಲಿ ಅದೇ ಕೋಲು ಮತ್ತೆ ತೂಕ ಹತ್ತಿಸಿಕೊಳ್ಳುತ್ತದೆ, ಹಾಗಾಗಿ ಆಗ ಒರಟು ಕೆಲಸ ಮಾತ್ರ.

ಬಿದಿರಿನದು ಬೇರೆ ಕಥೆ. ಅದರ ಗಟ್ಟಿ ನಾರೆಲ್ಲ ಹೊರಸಿಪ್ಪೆಯ ಹತ್ತಿರ, ಆ ಮೈಯನ್ನು ಮುಟ್ಟದೆ ಒಳಗಿನಿಂದಲೇ ತೆಗೆಯಬೇಕು. ಅಮಾವಾಸ್ಯೆಗೆ ಕಡಿದರೆ ಹುಳ ಹಿಡಿಯುವುದಿಲ್ಲ ಅಂತಾರೆ. ಚಂದ್ರನ ಜೊತೆ ನನ್ನ ವಾದವಿಲ್ಲ, ಚಳಿಗಾಲದಲ್ಲಿ ಕಡಿಯುತ್ತೇನೆ.

ನಮ್ಮ ಹಾವೇರಿಯ ಹುಡುಗ ತಕ್ಕಡಿ ನೋಡಿ ನಗುತ್ತಿದ್ದ: 'ಅಣ್ಣಾ, ಕಿಲೋಕ್ಕೆಷ್ಟು?' ಹೋದ ಸೋಮವಾರ ನಾನು ಮರೆತಿದ್ದೆ. ಬೆಳಿಗ್ಗೆ ನೋಡಿದರೆ ಕೋಲಿನ ಮೇಲೆ ಅವನ ವಕ್ರ ಅಕ್ಷರದಲ್ಲಿ '2.710' ಅಂತಿತ್ತು.