ನಿಮ್ಮ ಹೆಸರು ಹೇಳಲು ಯಾರಿದ್ದಾರೆ?

“ಮಕ್ಕಳಿಲ್ಲವಲ್ಲ, ನಿಮ್ಮ ನಂತರ ನಿಮ್ಮ ಹೆಸರು ಹೇಳಲು ಯಾರಿದ್ದಾರೆ?” ಐವತ್ತು ದಾಟಿದಾಗಿನಿಂದ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಕೆಲವರು ಮರುಕದಿಂದ ಕೇಳುತ್ತಾರೆ, ಕೆಲವರು ಆಸ್ತಿಯ ಮೇಲೆ ಕಣ್ಣಿಟ್ಟು. (ಆಸ್ತಿ ಎನ್ನುವಂಥದ್ದು ಏನೂ ಇಲ್ಲವೆಂದು ಗೊತ್ತಾದ ಕೂಡಲೇ ಎರಡನೆಯವರು ಮಾತು ಬದಲಿಸುತ್ತಾರೆ.)

ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಮುತ್ತಜ್ಜ, ಮುತ್ತಜ್ಜಿಯರು ಒಟ್ಟು ಎಂಟು ಮಂದಿ. ಅವರ ಹೆಸರು ಹೇಳಿ, ನೋಡೋಣ. ಬೆರಳು ಮಡಚಲು ಶುರುಮಾಡಿದವರು ಸಾಮಾನ್ಯವಾಗಿ ಮೂರನೆಯದಕ್ಕೆ ತಡವರಿಸುತ್ತಾರೆ. ತಾಯಿಯ ತಾಯಿಗೆ ತಾಯಿಯಾದವಳ ಹೆಸರು ಹೇಳಿದವರನ್ನು ನಾನಿನ್ನೂ ಕಂಡಿಲ್ಲ. ಆ ಎಂಟು ಮಂದಿಗೂ ಮಕ್ಕಳಿದ್ದರು. ಇಲ್ಲದಿದ್ದರೆ ನನ್ನನ್ನು ಕೇಳಲು ಇವರೇ ಇರುತ್ತಿರಲಿಲ್ಲ.

ಹೆಸರು ಹೋದರೇನು, ರಕ್ತ ಉಳಿಯುತ್ತದೆ ಎನ್ನುತ್ತಾರೆ. ಅದೂ ಅಷ್ಟಕ್ಕಷ್ಟೇ. ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ವಂಶವೃಕ್ಷದಲ್ಲಿ 1,024 ಸ್ಥಾನಗಳಾಗುತ್ತವೆ. ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ಅರ್ಧಕ್ಕೆ ಇಳಿಯುತ್ತ ಬರುವುದರಿಂದ ಅವರಲ್ಲಿ ಹಲವರ ಒಂದು ತುಣುಕೂ ನಮ್ಮಲ್ಲಿರುವುದಿಲ್ಲ. ಈ ಲೆಕ್ಕಕ್ಕೆಲ್ಲ ಬುನಾದಿ ಹಾಕಿದ ಗ್ರೆಗರ್ ಮೆಂಡೆಲ್ ಮಠದಲ್ಲಿದ್ದ ಸನ್ಯಾಸಿ! 1866ರಲ್ಲಿ ಅವನ ಬಟಾಣಿ ಪ್ರಯೋಗಗಳು ಅಚ್ಚಾದವು, 1884ರಲ್ಲಿ ಅವನು ತೀರಿಕೊಂಡ, ಜಗತ್ತು ಎಚ್ಚೆತ್ತುಕೊಂಡದ್ದು 1900ರಲ್ಲಿ.

ಕಲ್ಲಿನ ಮೇಲೆ ಕೆತ್ತಿಸಿದರೆ? ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಸತ್ತದ್ದು ಕ್ರಿ.ಪೂ. 212ರಲ್ಲಿ. 137 ವರ್ಷಗಳ ನಂತರ ರೋಮಿನ ವಾಗ್ಮಿ ಸಿಸೆರೊ ಆರ್ಕಿಮಿಡೀಸನ ಊರಾದ ಸಿರಕ್ಯೂಸ್‌ಗೆ ಹೋಗಿ ಸಮಾಧಿ ಎಲ್ಲಿ ಎಂದು ವಿಚಾರಿಸಿದಾಗ, ಅಂಥದ್ದೇನೂ ಇಲ್ಲಿಲ್ಲ ಎಂದರಂತೆ ಅಲ್ಲಿಯವರೇ. ಮುಳ್ಳುಪೊದೆಗಳ ನಡುವೆ ತಲೆಯೆತ್ತಿದ್ದ ಸಣ್ಣ ಕಂಬವೊಂದು ಅವನ ಕಣ್ಣಿಗೆ ಬಿತ್ತು. ಗುರುತು ಹಿಡಿದದ್ದು ಅದರ ಮೇಲಿದ್ದ ಗೋಳ ಮತ್ತು ಸಿಲಿಂಡರಿನ ಆಕೃತಿಯಿಂದ. ಕೆತ್ತಿದ ಸಾಲುಗಳು ಅರ್ಧ ಸವೆದುಹೋಗಿದ್ದವು. ಗೋಳದ ಘನಫಲ ಅದನ್ನು ಸರಿಯಾಗಿ ಆವರಿಸುವ ಸಿಲಿಂಡರಿನ ಮೂರರಲ್ಲಿ ಎರಡು ಭಾಗ ಎಂದು ಆರ್ಕಿಮಿಡೀಸ್ ತೋರಿಸಿದ ಆ ಲೆಕ್ಕವನ್ನು ಮಕ್ಕಳು ಇಂದಿಗೂ ಮಾಡುತ್ತಾರೆ, ಯಾರದೆಂದು ಕೇಳದೆ.

ಅವರೆಲ್ಲ ದೊಡ್ಡವರು, ಬಿಡಿ. ನನಗೆ ನೆನಪಾಗುವುದು ನನ್ನ ಸೋದರತ್ತೆ. ಅವರಿಗೂ ಮಕ್ಕಳಿರಲಿಲ್ಲ. ಯಾವ ಫೋಟೊ ಕೈಗೆ ಬಂದರೂ ಬೋರಲು ಹಾಕಿ, ಅಂಚಿನಲ್ಲಿ ಮೆತ್ತಗಿನ ಪೆನ್ಸಿಲಿನಿಂದ, ಮುಂಭಾಗಕ್ಕೆ ಅಚ್ಚು ಮೂಡದಷ್ಟು ಹಗುರವಾಗಿ ಬರೆಯುತ್ತಿದ್ದರು: ಎಡದಿಂದ ಇಂಥವರು, ಇಂಥವರು, ಇಸವಿ ಇಷ್ಟು. ಪೆನ್ನು ಮುಟ್ಟಲು ಬಿಡುತ್ತಿರಲಿಲ್ಲ. ಶಾಯಿ ಮುಂದಕ್ಕೆ ಇಳಿಯುತ್ತದೆ ಎನ್ನುತ್ತಿದ್ದರು. ಆ ಅಭ್ಯಾಸ ನನಗೆ ಅಂಟಿತು. ನನ್ನಿಂದ ಕಚೇರಿಯ ಕಿರಿಯ ಸಹೋದ್ಯೋಗಿಗೆ, ಅವಳಿಂದ ಅವಳ ತಮ್ಮನಿಗೆ. ಆ ಹುಡುಗನಿಗೆ ನಾನೇ ಗೊತ್ತಿಲ್ಲ, ಇನ್ನು ನನ್ನ ಅತ್ತೆ ಗೊತ್ತಿರುವುದೆಲ್ಲಿ! ಪೆನ್ಸಿಲು ಮಾತ್ರ ಮೆತ್ತಗಿನದೇ ಬೇಕು ಎಂದು ಹಟ ಹಿಡಿಯುತ್ತಾನಂತೆ. ನನ್ನ ಹೆಸರು ಯಾರು ಹೇಳುತ್ತಾರೆ ಎಂದು ಕೇಳುವವರಿಗೆ ನಾನು ಈ ಹುಡುಗನ ಸುದ್ದಿ ಹೇಳುತ್ತೇನೆ. ಉತ್ತರ ಸಾಲದು ಎಂಬಂತೆ ಅವರು ನನ್ನ ಮುಖ ನೋಡುತ್ತಾರೆ. ನನಗೆ ಸಾಕು.

ಹೆಸರಿನ ಆಸೆ ಪೂರಾ ಬಿಟ್ಟಿದ್ದೇನೆ ಎಂದರೆ ಸುಳ್ಳಾಗುತ್ತದೆ. ಮೊನ್ನೆ ಅತ್ತೆಯ ಡಬ್ಬಿ ತೆಗೆದಾಗ ಅವರಿರುವ ಒಂದು ಫೋಟೊ ಸಿಕ್ಕಿತು. ಹಿಂದೆ ಎಲ್ಲರ ಹೆಸರೂ ಇದೆ. ಮೂರನೆಯವರ ಜಾಗದಲ್ಲಿ ಮಾತ್ರ “ನಾನು” ಎಂದಿದೆ. ಪೆನ್ಸಿಲು ಹಿಡಿದು ಪಕ್ಕದಲ್ಲಿ “ಅತ್ತೆ” ಎಂದು ಬರೆದೆ. ಡಬ್ಬಿ ಮುಚ್ಚಿದ ಮೇಲೆ ಹೊಳೆಯಿತು, ಮುಂದೆ ಓದುವವರಿಗೆ ಯಾರ ಅತ್ತೆ ಎಂದು ಗೊತ್ತಾಗಬೇಕಲ್ಲ.